ಸೂರು ಸಿಕ್ಕಿತು, ನೆರೆಹೊರೆ?

ಪ್ರತಿವರ್ಷ ಜನವರಿ 17ರ ಬೆಳಗಿನ ಜಾವ 5:46ಕ್ಕೆ ಜಪಾನಿನ ಕೋಬೆಯಲ್ಲಿ ಜನ ದೀಪ ಹಚ್ಚಿ ಮೌನವಾಗಿ ನಿಲ್ಲುತ್ತಾರೆ. 1995ರಲ್ಲಿ ಅದೇ ಹೊತ್ತಿಗೆ ಆದ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ನಾವಿವತ್ತು ಮಾತಾಡ್ತಿರೋದು ಬದುಕುಳಿದವರ ಬಗ್ಗೆ. ಅಲ್ಲಿ ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಹಂಚಿದರು, ವಯಸ್ಸಾದವರಿಗೆ ಮೊದಲ ಆದ್ಯತೆ. ನ್ಯಾಯವೇ ಅನ್ಸುತ್ತೆ, ಅಲ್ವಾ? ಆದರೆ ಹಳೇ ನೆರೆಹೊರೆ ಚದುರಿಹೋಯ್ತು. ಗುರುತಿಲ್ಲದವರ ನಡುವೆ ಎಷ್ಟೋ ಹಿರಿಯರು ಯಾರಿಗೂ ತಿಳಿಯದಂತೆ ತೀರಿಕೊಂಡರು. ಜಪಾನೀಯರು ಇದನ್ನು ‘ಕೊಡೊಕುಶಿ’, ಅಂದರೆ ಒಂಟಿ ಸಾವು, ಅಂತಾರೆ.

2011ರ ಸುನಾಮಿ ಬಡಿದ ಇವಾನುಮಾದಲ್ಲಿ ಕೆಲವರು ಅಕ್ಕಪಕ್ಕದವರ ಜೊತೆ ಗುಂಪಾಗಿ ಸ್ಥಳಾಂತರವಾದರು, ಕೆಲವರು ಒಬ್ಬೊಬ್ಬರಾಗಿ. ಕಾಕತಾಳೀಯವೆಂಬಂತೆ, 7 ತಿಂಗಳು ಮೊದಲೇ ಸಂಶೋಧಕರು ಅಲ್ಲಿನ ಹಿರಿಯರ ಸಮೀಕ್ಷೆ ಮಾಡಿದ್ದರು. ಹಾಗಾಗಿ ಹಿಂದೆ-ಮುಂದೆ ಹೋಲಿಸಲು ಸಾಧ್ಯವಾಯ್ತು. ಗುಂಪಾಗಿ ಹೋದವರಲ್ಲಿ ಗೆಳೆಯರ ಭೇಟಿ, ಸಂಘದ ಒಡನಾಟ ಹೆಚ್ಚಿತ್ತು. ಒಬ್ಬೊಬ್ಬರಾಗಿ ಹೋದವರಲ್ಲಿ ಎರಡೂ ಕುಗ್ಗಿದ್ದವು.