ಇನ್ವರ್ಟರ್ ಬ್ಯಾಟರಿಯ ಸೂಚಕವನ್ನು ಓದುವ ಬಗೆ

ಬಾಗಲಕೋಟೆ, ಇಳಕಲ್ಲಿನ ಅನೇಕ ಮನೆ, ಅಂಗಡಿಗಳಲ್ಲಿ ಇನ್ವರ್ಟರ್ ಬಳಕೆಯಲ್ಲಿದೆ. ಅದರ ಬ್ಯಾಟರಿಯ ಮೇಲಿನ ಸೂಚಕವನ್ನು ತಪ್ಪಾಗಿ ಅರ್ಥೈಸಿದರೆ ನಷ್ಟ ಬಳಕೆದಾರರದೇ.

ಸೂಚಕಗಳಲ್ಲಿ ಎರಡು ವಿಧ. ಟ್ಯೂಬುಲರ್ ಬ್ಯಾಟರಿಯ ಮುಚ್ಚಳಗಳಲ್ಲಿ ತೇಲುವ ಕಡ್ಡಿ ನೀರಿನ ಮಟ್ಟವನ್ನು ತೋರಿಸುತ್ತದೆಯೇ ಹೊರತು ಚಾರ್ಜನ್ನಲ್ಲ. ಅದು ಕೆಳಗಿಳಿದಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು.

ನೀರು ಹಾಕಬೇಕಿಲ್ಲದ ಕೆಲವು ಬ್ಯಾಟರಿಗಳಲ್ಲಿರುವ ‘ಮ್ಯಾಜಿಕ್ ಐ’ ಮಾತ್ರ ಚಾರ್ಜಿನ ಸೂಚಕ. ಚಾರ್ಜ್ ಆದಂತೆ ದ್ರಾವಣದಲ್ಲಿ ಗಂಧಕಾಮ್ಲದ ಅಂಶ ಹೆಚ್ಚಿ ಸಾಂದ್ರತೆ ಏರುತ್ತದೆ. ಒಳಗಿನ ಹಸಿರು ಗುಂಡು ತೇಲಿ ಕಣ್ಣಿಗೆ ಬೀಳುತ್ತದೆ. ಚಾರ್ಜ್ ಇಳಿದಾಗ ಗುಂಡು ಮುಳುಗಿ, ಕಪ್ಪು ಕಾಣುತ್ತದೆ. ಬಿಳಿ ಅಥವಾ ತಿಳಿ ಬಣ್ಣವು ದ್ರಾವಣ ಕಡಿಮೆಯಾದುದರ ಗುರುತು.

ಆದರೆ 12 ವೋಲ್ಟಿನ ಬ್ಯಾಟರಿಯಲ್ಲಿ 6 ಸೆಲ್ಲುಗಳಿದ್ದು, ಈ ಸೂಚಕ ಇರುವುದು ಒಂದರಲ್ಲಿ ಮಾತ್ರ. ಆರು ಖಾತೆಗಳಲ್ಲಿ ಒಂದನ್ನಷ್ಟೇ ತಾಳೆ ನೋಡಿ ಲೆಕ್ಕಪತ್ರಕ್ಕೆ ಸಹಿ ಹಾಕಿದಂತೆ! ಉಳಿದವುಗಳಲ್ಲಿ ಒಂದು ಕೆಟ್ಟಿದ್ದರೂ ಹಸಿರೇ ಕಾಣಬಹುದು.

ಆದುದರಿಂದ ಹಸಿರು ಕಂಡರೂ ದೀಪ ಬೇಗ ಆರುತ್ತಿದ್ದರೆ, ವಾರಂಟಿ ಅವಧಿ ಮುಗಿಯುವ ಮುನ್ನವೇ ಲೋಡ್ ಪರೀಕ್ಷೆ ಮಾಡಿಸುವುದು ಸೂಕ್ತ. ಖರೀದಿ ಬಿಲ್ಲು ಹಾಗೂ ವಾರಂಟಿ ಕಾರ್ಡನ್ನು ಸದಸ್ಯರು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.