ರಾಬರ್ಟ್ ಬರ್ನ್ಸ್: ಶಾಲೆಯ ಪಾಠ, ಮನೆಯ ಮಾತು

ಹೊಸ ವರ್ಷ ಹುಟ್ಟುವ ಮಧ್ಯರಾತ್ರಿ ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಜನ ಕೈಕೈ ಹಿಡಿದು 'ಆಲ್ಡ್ ಲ್ಯಾಂಗ್ ಸೈನ್' ಎಂಬ ಹಾಡನ್ನು ಹಾಡುತ್ತಾರೆ. ಅದರ ಭಾಷೆ ಸ್ಕಾಟ್ಲೆಂಡಿನ ಹಳ್ಳಿಗರ ಸ್ಕಾಟ್ಸ್. ಒಬ್ಬ ಮುದುಕನ ಬಾಯಿಂದ ಕೇಳಿ ಬರೆದುಕೊಂಡೆನೆಂದು ಹೇಳಿ ಅದನ್ನು ಅಚ್ಚಿಗೆ ಕಳುಹಿಸಿದವನು ರಾಬರ್ಟ್ ಬರ್ನ್ಸ್. ಅವನ ಬದುಕನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಓದಬೇಕಾದುದಕ್ಕೆ ಒಂದು ವಿಶೇಷ ಕಾರಣವಿದೆ.

ಬಾಲ್ಯ ಮತ್ತು ಕಲಿಕೆ

ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಅಲೊವೇ ಎಂಬ ಹಳ್ಳಿಯಲ್ಲಿ, ತಂದೆ ತಾನೇ ಕಟ್ಟಿದ ಮಣ್ಣುಗೋಡೆಯ ಮನೆಯಲ್ಲಿ. ಏಳು ಮಕ್ಕಳಲ್ಲಿ ಹಿರಿಯವನು. ತಂದೆ ಗೇಣಿ ರೈತ. ಆದರೂ 1765ರಲ್ಲಿ ಅವರು ನೆರೆಹೊರೆಯವರೊಡನೆ ಸೇರಿ ಜಾನ್ ಮರ್ಡಾಕ್ ಎಂಬ ಯುವಕನನ್ನು ಮಕ್ಕಳಿಗೆ ಮೇಷ್ಟ್ರಾಗಿ ನೇಮಿಸಿದರು. ಮರ್ಡಾಕ್ ಇಂಗ್ಲಿಷ್ ವ್ಯಾಕರಣವನ್ನೂ ಪದ್ಯಗಳನ್ನೂ ಶ್ರದ್ಧೆಯಿಂದ ಕಲಿಸಿದರು.

ಮುಂದೆ ಹೊಲದ ಕೆಲಸ ಹೆಚ್ಚಾಯಿತು. ಒಂದು ಬೇಸಿಗೆಯಲ್ಲಿ ರಾಬರ್ಟ್ ಮತ್ತು ತಮ್ಮ ಗಿಲ್ಬರ್ಟ್ ವಾರ ಬಿಟ್ಟು ವಾರ ಶಾಲೆಗೆ ಹೋದರು. ಇಬ್ಬರನ್ನೂ ಒಟ್ಟಿಗೆ ಕಳುಹಿಸಿದರೆ ಹೊಲಕ್ಕೆ ಆಳಿರುತ್ತಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಖಾಲಿಯಾಗುವ ಸಾಲುಗಳ ಹಿಂದೆಯೂ ಇಂಥದೇ ಲೆಕ್ಕವಿರಬಹುದು. ನಂತರ ಕರ್ಕಾಸ್ವಾಲ್ಡ್ ಎಂಬಲ್ಲಿ ಅವನು ಕ್ಷೇತ್ರಗಣಿತವನ್ನೂ ಭೂಮಾಪನವನ್ನೂ ಕಲಿತ.

ಮನೆಯಲ್ಲಿ ಇನ್ನೊಂದು ಶಾಲೆ ನಡೆಯುತ್ತಿತ್ತು. ತಾಯಿ ಹಳೆಯ ಹಾಡುಗಳನ್ನು ಹಾಡುತ್ತಿದ್ದಳು. ಬೆಟ್ಟಿ ಡೇವಿಡ್ಸನ್ ಎಂಬ ಮುದುಕಿ ದೆವ್ವ, ಮಾಟಗಾತಿಯರ ಕಥೆ ಹೇಳುತ್ತಿದ್ದಳು. ತನ್ನ ಕಾವ್ಯದ ಮೊದಲ ಬೀಜ ಅವಳ ಕಥೆಗಳಲ್ಲಿತ್ತೆಂದು ಬರ್ನ್ಸ್ ಮುಂದೆ ಪತ್ರವೊಂದರಲ್ಲಿ ನೆನೆದಿದ್ದಾನೆ.

ಆದರೆ ಮರ್ಡಾಕ್ ಮೇಷ್ಟ್ರ ಅಂದಾಜೇ ಬೇರೆ. ಚರ್ಚಿನ ಸಂಗೀತ ಕಲಿಸುವಾಗ ರಾಬರ್ಟನಿಗೆ ಒಂದು ರಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಕವಿಯಾಗುವ ಲಕ್ಷಣ ಕಂಡಿದ್ದರೆ ತಮ್ಮನಲ್ಲಿ, ಎಂದು ಅವರು ಮುಂದೆ ಬರೆದಿಟ್ಟರು. ಮರ್ಡಾಕ್ ಕೆಟ್ಟ ಶಿಕ್ಷಕರಲ್ಲ. ಆ ಹುಡುಗನಿಗೆ ಓದಿನ ರುಚಿ ಹತ್ತಿಸಿದವರೇ ಅವರು. ಆದರೆ ಮಗು ಮನೆಯಿಂದ ಹೊತ್ತು ತಂದ ಹಾಡು ಅವರ ಪಾಠದ ಅಳತೆಗೆ ಸಿಗಲಿಲ್ಲ.

ಭಾಷೆಯ ಆಯ್ಕೆ

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದ ಮೇಲೆ ಇಂಗ್ಲಿಷ್ ಪ್ರತಿಷ್ಠೆಯ ಭಾಷೆಯಾಯಿತು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಬರವಣಿಗೆಯಲ್ಲಿ ಬಿಡಬೇಕಾದ ಸ್ಕಾಟ್ಸ್ ಪದಗಳ ಪಟ್ಟಿ ಮಾಡಿದ್ದ. ಅಂಥ ಕಾಲದಲ್ಲಿ, 1786ರಲ್ಲಿ, ಬರ್ನ್ಸ್ ಕಿಲ್ಮಾರ್ನಾಕ್‌ನಲ್ಲಿ ತನ್ನ ಮೊದಲ ಸಂಕಲನವನ್ನು ಅಚ್ಚು ಹಾಕಿಸಿದ. ಅದು ಮುಖ್ಯವಾಗಿ ಸ್ಕಾಟ್ಸ್ ನುಡಿಯದೆಂದು ಶೀರ್ಷಿಕೆಯಲ್ಲೇ ಸಾರಿದ. 612 ಪ್ರತಿಗಳೂ ಬೇಗನೆ ಮುಗಿದವು. ಬೇಸಾಯ ಸೋತು, ಜಮೈಕಾದಲ್ಲಿ ಗುಲಾಮರು ದುಡಿಯುತ್ತಿದ್ದ ತೋಟವೊಂದರ ಕೆಲಸಕ್ಕೆ ಹೊರಡಲು ಅವನು ಸಿದ್ಧನಾಗಿದ್ದ. ಪುಸ್ತಕದ ಯಶಸ್ಸು ಅವನನ್ನು ಎಡಿನ್‌ಬರೋಗೆ ಕರೆದೊಯ್ದಿತು.

ಅಲ್ಲಿನ ವಿಮರ್ಶಕರು ಅವನನ್ನು ದೇವರೇ ಕಲಿಸಿದ ಉಳುಮೆಗಾರ ಎಂಬಂತೆ ಕೊಂಡಾಡಿದರು. ಈ ಹೊಗಳಿಕೆ ಅವನ ಓದನ್ನೂ ಮೇಷ್ಟ್ರನ್ನೂ ಮರೆಮಾಡಿತು. ಅವನಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಬರದೆ ಸ್ಕಾಟ್ಸ್ ಹಿಡಿದವನಲ್ಲ, ಬಲ್ಲವನಾಗಿಯೇ ಆರಿಸಿಕೊಂಡವನು.

ಉಳಿಸಿಹೋದದ್ದು

ಉಳುವಾಗ ನೇಗಿಲಿಗೆ ಸಿಕ್ಕಿ ಚೆದುರಿದ ಇಲಿಗೂಡನ್ನು ಕಂಡು 1785ರಲ್ಲಿ ಬರೆದ 'ಟು ಎ ಮೌಸ್' ಅವನ ಪ್ರಸಿದ್ಧ ಕವಿತೆಗಳಲ್ಲೊಂದು. ಮುಂದೆ ಜಾನ್ ಸ್ಟೈನ್‌ಬೆಕ್ ತನ್ನ 1937ರ ಕಾದಂಬರಿಗೆ ಹೆಸರನ್ನು ಪಡೆದದ್ದು ಇದರಿಂದಲೇ. ಬೆಟ್ಟಿ ಹೇಳುತ್ತಿದ್ದಂಥ ಮಾಟಗಾತಿಯರು 'ಟ್ಯಾಮ್ ಒ ಶ್ಯಾಂಟರ್' ಕಾವ್ಯದಲ್ಲಿ ಕುಣಿದರು. 1789ರಿಂದ ಬರ್ನ್ಸ್ ಅಬಕಾರಿ ಅಧಿಕಾರಿ. ಪೀಪಾಯಿಗಳ ಗಾತ್ರ ಅಳೆಯುವ ಈ ನೌಕರಿಗೆ ಹಿಂದೆ ಕಲಿತ ಕ್ಷೇತ್ರಗಣಿತ ಒದಗಿಬಂತು. ಇದೇ ವರ್ಷಗಳಲ್ಲಿ 'ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ' ಎಂಬ ಸಂಪುಟಗಳಿಗೆ ಸುಮಾರು 200 ಹಾಡುಗಳನ್ನು ಸಂಗ್ರಹಿಸಿ, ತಿದ್ದಿ, ರಚಿಸಿ ಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ. ರಾಗ ತಿಳಿಯದೆಂದು ಮೇಷ್ಟ್ರು ಬಗೆದಿದ್ದ ಹುಡುಗ ಒಂದು ನಾಡಿನ ರಾಗಗಳನ್ನು ಕಾಪಾಡಿದ.

1796ರ ಜುಲೈ 21ರಂದು, 37ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಎಳವೆಯ ಅತಿಯಾದ ದುಡಿಮೆ ಅವನ ಹೃದಯವನ್ನು ಕೆಡಿಸಿತೆಂದು ಜೀವನಚರಿತ್ರಕಾರರು ಹೇಳುತ್ತಾರೆ. 1801ರಲ್ಲಿ ಗೆಳೆಯರು ಆರಂಭಿಸಿದ ಸ್ಮರಣೆಯ ಊಟ ಇಂದು 'ಬರ್ನ್ಸ್ ಸಪ್ಪರ್' ಎಂದು ಪ್ರತಿ ಜನವರಿ 25ರಂದು ಹಲವು ದೇಶಗಳಲ್ಲಿ ನಡೆಯುತ್ತದೆ. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' (1926) ಮೂಲಕ ಅವನು ಕನ್ನಡಕ್ಕೂ ಬಂದ.

ನಮ್ಮ ತರಗತಿಗೆ

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ನಾವೆಲ್ಲ 'ಪೂರ್ವಜ್ಞಾನ' ಎಂಬ ಹಂತ ಬರೆಯುತ್ತೇವೆ. ಹಿಂದಿನ ಪಾಠದ ಮೇಲೆ ಎರಡು ಪ್ರಶ್ನೆ ಕೇಳಿ ಅದನ್ನು ಮುಗಿಸುವುದು ರೂಢಿ. ಜೀವಿಗಳ ಆವಾಸದ ಪಾಠದಲ್ಲಿ, ಹೊಲದಲ್ಲಿ ಇಲಿ ಎಲ್ಲಿ ಬಿಲ ತೋಡುತ್ತದೆ, ಅದನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿದರೆ ಉತ್ತರ ಬರುವುದು ಬೇರೆ ಬೆಂಚುಗಳಿಂದ. ಆ ಉತ್ತರವನ್ನು ಮಗು ಹೇಳಿದ ಮಾತಿನಲ್ಲೇ ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಪಠ್ಯದ ಪದವನ್ನು ಬರೆಯೋಣ. ಬರ್ನ್ಸ್‌ನನ್ನು ಬೆಳೆಸಿದ್ದು ಶಾಲೆಯೊಂದೇ ಅಲ್ಲ, ಮನೆಯೊಂದೇ ಅಲ್ಲ. ಎರಡೂ ಒಬ್ಬನಲ್ಲಿ ಕೂಡಿದ್ದರಿಂದ ಅವನು ಕವಿಯಾದ. ನಮ್ಮ ತರಗತಿಯಲ್ಲಿ ಅವು ಕೂಡುವುದಕ್ಕೆ ಜಾಗ ಮಾಡಿಕೊಡುವುದು ನಮ್ಮ ಕೈಯಲ್ಲಿದೆ.