ಹಳೆಯ ಪಿಕಪ್, ಹೊಸ ದೀಪ, ಎದುರಿನವರ ಕಣ್ಣು

ಹೂಡಿ ವೃತ್ತದಿಂದ ಐಟಿಪಿಎಲ್ ಕಡೆಗೆ ಸಾಗುವ ರಸ್ತೆಯಲ್ಲಿ ರಾತ್ರಿ ಹತ್ತರ ನಂತರ ಎರಡು ಬಗೆಯ ವಾಹನಗಳು ಎದುರುಬದುರಾಗುತ್ತವೆ. ಒಂದು, ಪಾಳಿ ಮುಗಿಸಿದ ಉದ್ಯೋಗಿಗಳನ್ನು ಮನೆಗೆ ಮುಟ್ಟಿಸುವ ಹೊಸ ಕಾರುಗಳು. ಇನ್ನೊಂದು, ಹಗಲಿನ ದಟ್ಟಣೆ ಮತ್ತು ನಿರ್ಬಂಧಗಳ ಕಾರಣದಿಂದ ರಾತ್ರಿಯನ್ನೇ ನೆಚ್ಚಿಕೊಂಡ ಹಳೆಯ ಪಿಕಪ್‌ಗಳು. ಮೊದಲನೆಯದರ ದೀಪ ಹಾಲಿನಷ್ಟು ಬಿಳಿ. ಎರಡನೆಯದರದ್ದು ಮಂಕು ಹಳದಿ. ಈ ಅಸಮಾನತೆಯನ್ನು ನೀಗಿಸಿಕೊಳ್ಳಲು ಹಳೆಯ ಗಾಡಿಗಳ ಮಾಲೀಕರು ಹಿಡಿಯುತ್ತಿರುವ ದಾರಿ ಮಾತ್ರ ರಸ್ತೆಯಲ್ಲಿರುವ ಎಲ್ಲರನ್ನೂ ಕತ್ತಲೆಗೆ ದೂಡುತ್ತಿದೆ.

ಹೂಡಿಯಲ್ಲಿ ಸಣ್ಣದೊಂದು ಕಬ್ಬಿಣದ ಕೆಲಸದ ಶೆಡ್ ನಡೆಸುವ ನನ್ನ ಬಳಿಯೂ ಹದಿನೈದು ವರ್ಷ ದಾಟಿದ ಪಿಕಪ್ ಒಂದಿದೆ. ಗೇಟು, ಗ್ರಿಲ್ಲು ಹೇರಿಕೊಂಡು ಹೊಸಕೋಟೆ, ಕೋಲಾರದ ಕಡೆಗೆ ಹೋಗುವ ಅದು ಮರಳುವುದು ಬಹುಪಾಲು ರಾತ್ರಿಯಲ್ಲೇ. ಅದೇ ಹೆದ್ದಾರಿಯಲ್ಲಿ ಟೊಮೆಟೊ, ಸೊಪ್ಪು ತುಂಬಿದ ಗಾಡಿಗಳೂ ನಗರದತ್ತ ಬರುತ್ತಿರುತ್ತವೆ. ರಸ್ತೆ ದಾಟುವ ಪಾದಚಾರಿಯಾಗಲಿ, ಹಿಂದೀಪವಿಲ್ಲದ ಟ್ರ್ಯಾಕ್ಟರಾಗಲಿ ಚಾಲಕನಿಗೆ ಎಷ್ಟು ದೂರದಲ್ಲಿ ಕಾಣುತ್ತದೆ ಎಂಬುದರ ಮೇಲೆಯೇ ಎರಡು ಜೀವಗಳು ನಿಂತಿರುತ್ತವೆ. ಆದುದರಿಂದ ಹೆಚ್ಚು ಬೆಳಕು ಬೇಕೆಂಬ ಚಾಲಕರ ಬೇಡಿಕೆ ಶೋಕಿಯಲ್ಲ, ಅದು ನ್ಯಾಯವಾದುದೇ. ಆ ಬೆಳಕನ್ನು ಹೇಗೆ ಪಡೆಯಬೇಕು ಎಂಬುದಷ್ಟೇ ಪ್ರಶ್ನೆ.

ಬಿಡಿಭಾಗಗಳ ಅಂಗಡಿಗಳಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು 100/90 ವಾಟಿನ ಬಲ್ಬು. ಎರಡನೆಯದು ಹಳೆಯ ಹೋಲ್ಡರಿಗೇ ಸಿಕ್ಕಿಸುವ ಎಲ್‌ಇಡಿ. ಇವೆರಡೂ ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ಬಲ್ಬಿನ ಒಳಗನ್ನೊಮ್ಮೆ ನೋಡಬೇಕು.

ನಮ್ಮ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್-4 ಎಂಬ 60/55 ವಾಟಿನ ಹ್ಯಾಲೋಜನ್ ಬಲ್ಬು. ಅದರಲ್ಲಿ ಎರಡು ತಂತುಗಳು: ಒಂದು ಬ್ರೈಟಿಗೆ, ಇನ್ನೊಂದು ಡಿಮ್ಮಿಗೆ. ಡಿಮ್ ತಂತುವಿನ ಕೆಳಗೆ ಬಟ್ಟಲಿನಂತಹ ಪುಟ್ಟ ಲೋಹದ ತಗಡಿದೆ. ಪ್ರತಿಫಲಕದ ಕೆಳ ಅರ್ಧಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ನೆಲದತ್ತ ಬಾಗುತ್ತದೆ; ಎದುರಿನವರ ಕಣ್ಣು ಉಳಿಯುತ್ತದೆ. ಇಡೀ ಏರ್ಪಾಟು ತಂತು ಇರುವ ಜಾಗದ ಮಿಲಿಮೀಟರ್ ಲೆಕ್ಕದ ಕರಾರುವಾಕ್ಕುತನವನ್ನು ಅವಲಂಬಿಸಿದೆ. ಅಲ್ಲಿಗೆ ಬೇರೆ ಗಾತ್ರದ, ಬೇರೆ ಜಾಗದಲ್ಲಿ ಬೆಳಗುವ ಎಲ್‌ಇಡಿಯನ್ನು ತುರುಕಿದರೆ ಬೆಳಕು ದಿಕ್ಕುಗೆಟ್ಟು ಚೆಲ್ಲುತ್ತದೆ. ಬಂಪರಿನ ಮುಂದಿನ ನೆಲ ಥಳಥಳಿಸುವುದರಿಂದ ಚಾಲಕನಿಗೆ ತೃಪ್ತಿಯಾಗುತ್ತದೆ. ನೋಡಬೇಕಾದ ದೂರದ ರಸ್ತೆ ಮಾತ್ರ ಕತ್ತಲಲ್ಲೇ ಉಳಿಯುತ್ತದೆ. ಜರ್ಮನಿಯಲ್ಲಿ ಇಂತಹ ಎಲ್‌ಇಡಿ ಬಲ್ಬುಗಳಿಗೆ 2020ರಲ್ಲಿ ಅನುಮತಿ ದೊರೆತದ್ದು ಕೂಡ ಪರೀಕ್ಷೆಗೊಳಗಾದ ನಿರ್ದಿಷ್ಟ ಮಾದರಿಯ ವಾಹನಗಳಿಗೆ ಮಾತ್ರ.

ಇನ್ನು ಹೆಚ್ಚು ವಾಟಿನ ಬಲ್ಬು. 55 ವಾಟಿನ ಎರಡು ಬಲ್ಬುಗಳು ಎಳೆಯುವ ವಿದ್ಯುತ್ತು ಸುಮಾರು 9 ಆಂಪಿಯರ್. 100 ವಾಟಿನವು ಸುಮಾರು 17 ಆಂಪಿಯರ್. ಹಳೆಯ ತೆಳುವಾದ ತಂತಿ ಮತ್ತು ಸ್ವಿಚ್ಚು ಈ ಭಾರವನ್ನು ತಾಳಲಾರವು. ಹೋಲ್ಡರು ಕರಗುವುದು, ವೈರಿಂಗ್ ಸುಡುವುದು ಇದರಿಂದಲೇ.

ವಾಸ್ತವದಲ್ಲಿ ಹಳೆಯ ಗಾಡಿಯ ದೀಪ ಮಂಕಾಗುವುದು ಬಲ್ಬಿನ ದೋಷದಿಂದಷ್ಟೇ ಅಲ್ಲ. ನಮ್ಮ ಪಿಕಪ್‌ನ ಎಂಜಿನ್ ಚಾಲೂ ಇಟ್ಟು ಅಳೆದಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದದ್ದು ಬಲ್ಬನ್ನು ತಲುಪುವ ವೇಳೆಗೆ 11.8ಕ್ಕೆ ಇಳಿದಿತ್ತು. ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಇಳಿಕೆಗಿಂತ ಹಲವು ಪಟ್ಟು ವೇಗದಲ್ಲಿ ಕುಸಿಯುತ್ತದೆ. ಶೇಕಡ 10ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಶೇಕಡ 30ರಷ್ಟು ಕಡಿಮೆ. ಈ ಲೆಕ್ಕದಲ್ಲಿ ನಮ್ಮ ಗಾಡಿಯ ಬೆಳಕಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಕ್ಕು ಹಿಡಿದ ಜೋಡಣೆಗಳಲ್ಲಿ, ಸಡಿಲ ಅರ್ತಿಂಗಿನಲ್ಲಿ, ಸವೆದ ಸ್ವಿಚ್ಚಿನಲ್ಲಿ ಸೋರಿಹೋಗುತ್ತಿತ್ತು.

ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಸೂಚಿಸಿದ ಮದ್ದು ಸರಳವಾದುದು. ಬ್ಯಾಟರಿಯಿಂದ ದಪ್ಪ ತಂತಿ ಎಳೆದು, ಫ್ಯೂಸ್ ಕೂರಿಸಿ, ರಿಲೇ ಮೂಲಕ ದೀಪಗಳಿಗೆ ನೇರವಾಗಿ ವಿದ್ಯುತ್ ಕೊಡುವುದು. ಹಳೆಯ ಸ್ವಿಚ್ಚು ಆಗ ರಿಲೇಗೆ ಸಂಜ್ಞೆಯನ್ನಷ್ಟೇ ನೀಡುತ್ತದೆ. ಕಳೆಗುಂದಿದ ಪ್ರತಿಫಲಕಗಳಿದ್ದ ದೀಪದ ಜೋಡಿಯನ್ನು ಬದಲಿಸಿ, ಮೂಲ ವಾಟಿನ ಬಲ್ಬನ್ನೇ ಹಾಕಿದೆವು. ರಸ್ತೆ ಸ್ಪಷ್ಟವಾಗಿ ಕಾಣತೊಡಗಿತು.

ಕೊನೆಯದಾಗಿ, ದೀಪದ ಮಟ್ಟ. ಪಿಕಪ್‌ಗಳಲ್ಲಿ ಇದರ ಮಹತ್ವ ಕಾರುಗಳಿಗಿಂತ ಹೆಚ್ಚು. ಹಿಂದೆ ಭಾರ ಹೇರಿದಾಗ ಪಟ್ಟೆ ಕುಸಿದು ಮೂತಿ ಮೇಲೇಳುತ್ತದೆ. ಚಕ್ರಗಳ ನಡುವೆ ಮೂರು ಮೀಟರ್ ಅಂತರವಿರುವ ಗಾಡಿಯ ಹಿಂಭಾಗ ಆರು ಸೆಂಟಿಮೀಟರ್ ತಗ್ಗಿದರೆ, ಐವತ್ತು ಮೀಟರ್ ದೂರದಲ್ಲಿ ಬೆಳಕಿನ ಕಿರಣ ಒಂದು ಮೀಟರ್ ಮೇಲೇರಿರುತ್ತದೆ. ನೆಲಕ್ಕೆ ಬೀಳಬೇಕಾದದ್ದು ಎದುರಿನ ಬೈಕ್ ಸವಾರನ ಮುಖಕ್ಕೆ ಬೀಳುತ್ತದೆ. ಸಮತಟ್ಟಾದ ಜಾಗದಲ್ಲಿ, ಎಂದಿನ ಭಾರ ಹೇರಿಕೊಂಡೇ, ಗೋಡೆಯೆದುರು ಗಾಡಿ ನಿಲ್ಲಿಸಿ ದೀಪದ ತಿರುಪುಗಳನ್ನು ಹೊಂದಿಸುವುದು ಅರ್ಧ ಗಂಟೆಯ ಕೆಲಸ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಡಿಮ್ ಬೆಳಕಿನ ಮೇಲಂಚು ದೀಪದ ಮಧ್ಯಬಿಂದುವಿಗಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಸಾಕು.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ಮುಂದೀಪದ ಕಿರಣ ಶಾಶ್ವತವಾಗಿ ಕೆಳಮುಖವಾಗಿರಬೇಕೆಂದೂ, ಎಂಟು ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದೆಂದೂ ಹೇಳುತ್ತದೆ. ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೂ ಕೈಗೊಂಡರು. ಅದು ಸ್ವಾಗತಾರ್ಹ. ಆದರೆ ದಂಡದ ರಸೀದಿ ಯಾರಿಗೂ ದಾರಿ ತೋರಿಸುವುದಿಲ್ಲ. ಬಲ್ಬು ಕಿತ್ತು ಹಾಕಿಸಿಕೊಂಡ ಚಾಲಕ ಮತ್ತೆ ಅದೇ ಮಂಕು ದೀಪದಲ್ಲಿ ಅದೇ ಕತ್ತಲೆಯ ರಸ್ತೆಗೆ ಇಳಿಯುತ್ತಾನೆ. ಮುಂದಿನ ವಾರ ಮತ್ತೊಂದು ಬಲ್ಬು ಕೊಳ್ಳುತ್ತಾನೆ.

ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿವರ್ಷವೂ ಎಫ್‌ಸಿಗೆ ಬರಲೇಬೇಕು. ದೀಪ ಉರಿಯುತ್ತದೆಯೇ ಎಂದು ನೋಡಿ ಮುದ್ರೆ ಒತ್ತುವುದರ ಬದಲು, ಕಿರಣ ಎತ್ತ ಬೀಳುತ್ತದೆ ಎಂಬುದನ್ನು ಉಪಕರಣದಿಂದ ಅಳೆದು, ಅಲ್ಲಿಯೇ ತಿರುಪು ಹೊಂದಿಸಿ ಕಳುಹಿಸಬಾರದೇಕೆ? ಅನುಮೋದನೆಯಿಲ್ಲದ ಬಲ್ಬು ಹಾಕಿಕೊಂಡವನಿಗೆ ದಂಡ ವಿಧಿಸುವಷ್ಟೇ ಬಿಗಿಯಾಗಿ, ಅದನ್ನು ರಾಜಾರೋಷವಾಗಿ ಮಾರುವ ಅಂಗಡಿಗಳನ್ನೇಕೆ ತಪಾಸಣೆ ಮಾಡಬಾರದು? ಬೀದಿದೀಪ ಕೆಟ್ಟ ರಸ್ತೆಗಳನ್ನು ಸರಿಪಡಿಸಿದರೆ ಅರ್ಧ ಚಾಲಕರಿಗೆ ಈ ಬಲ್ಬುಗಳ ಹಂಬಲವೇ ಇರದು. ಹೊಸ ಕಾರು ಕೊಳ್ಳಲಾಗದವರಿಗೂ ರಾತ್ರಿಯ ರಸ್ತೆ ಕಾಣಬೇಕು. ಅದು ಎದುರು ಬರುವವರ ಕಣ್ಣು ಕಟ್ಟಿ ಪಡೆಯುವ ಸವಲತ್ತಾಗಬಾರದು.